ಮಹಬೂಬಬಿ ಬಾಗಿಲ ಮುಂದಿನ ಬುಟ್ಟಿ

ಕಲಬುರಗಿಯ ಬ್ರಹ್ಮಪುರದಲ್ಲಿ ಬಾಡಿಗೆ ಮನೆ ಹುಡುಕಿ ಹುಡುಕಿ ಕಾವೇರಿಯ ಚಪ್ಪಲಿ ಸವೆದಿದ್ದವು. ಗಂಡ ದಿಲೀಪ ಸರ್ಕಾರಿ ಬಸ್ಸಿನ ಡ್ರೈವರ್, ತಾನು ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ನೌಕರಿ ಅಂದರೆ ಎಲ್ಲರೂ ಖುಷಿಯಿಂದಲೇ ಬೀಗ ತೆಗೆದು ಮನೆ ತೋರಿಸುತ್ತಿದ್ದರು. ಆಮೇಲೆ, ‘ಗ್ವಾಡಿಗೆ ಯಾರ ಫೋಟೋ ಹಾಕ್ತೀರಿ?’ ಎಂದು ಸುತ್ತಿ ಬಳಸಿ ಕೇಳುತ್ತಿದ್ದರು. ಬಾಬಾಸಾಹೇಬರದು ಅಂದ ಕೂಡಲೇ ಆ ಮನೆ ಆಗಲೇ ಯಾರಿಗೋ ಮಾತಾಗಿರುತ್ತಿತ್ತು. ಹೀಗೆ ತಿರುಗಿ ತಿರುಗಿ ಒಂದು ಬೇಸಿಗೆಯ ಮಧ್ಯಾಹ್ನ ಕಲ್ಲಬಾವಿ ಓಣಿಯ ಕಟ್ಟಕಡೆಯ ಮನೆಯ ಕಟ್ಟೆಯ ಮೇಲೆ ದಣಿದು ಕೂತಳು. ಒಳಗಿನಿಂದ ಒಬ್ಬ ಮುದುಕಿ ಚರಿಗೆಯಲ್ಲಿ ನೀರು ತಂದುಕೊಟ್ಟು ಅವಳನ್ನೇ ನೋಡಿದಳು.

“ಮ್ಯಾಲ ಎರಡು ಖೋಲಿ ಖಾಲಿ ಅವ. ಮಳಿ ಬಂದ್ರ ಒಂದ್ ಮೂಲ್ಯಾಗ ಸೋರ್ತದ. ನಡೀತದೇನ್ ಬೇಟಿ?”

ಕಾವೇರಿ ತಾನಾಗಿಯೇ ಫೋಟೋದ ಮಾತು ತೆಗೆದಳು. ಮುದುಕಿ ನಕ್ಕಳು. “ಮೊಳಿ ಮಾತ್ರ ಸಣ್ಣದು ಹೊಡಿ. ಗ್ವಾಡಿ ಮಣ್ಣಿಂದದ, ಉದುರತದ.”

ಅವಳೇ ಮಹಬೂಬಬಿ. ಕಾವೇರಿಗೆ ಅಂದಿನಿಂದ ಖಾಲಾ, ಚಿಕ್ಕವ್ವ.

ಖಾಲಾನ ಮಗಳು ತಬಸ್ಸುಮ್ ಕಾವೇರಿಯ ವಾರಿಗೆಯವಳು. ಮದುವೆ ಮುರಿದು ತವರಿಗೆ ಬಂದು, ಮುಂದಿನ ಖೋಲಿಯಲ್ಲಿ ಮಿಷನ್ ಇಟ್ಟುಕೊಂಡು ಓಣಿಯ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುತ್ತಿದ್ದಳು. ತಮ್ಮ ಶಬ್ಬೀರ್ ಮೇಲಿನ ದೊಡ್ಡ ರಸ್ತೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಒಂದು ಮಳೆಗಾಲ ಕಳೆಯುವುದರೊಳಗೆ ಕಾವೇರಿ ಮತ್ತು ತಬಸ್ಸುಮ್ ನೀ-ನಾ ಅನ್ನುವಷ್ಟು ಹತ್ತಿರವಾದರು; ತಬಸ್ಸುಮ್ ಬರೀ ತಬ್ಬು ಆದಳು. ಸಂಜೆ ಲ್ಯಾಬಿನಿಂದ ಬಂದವಳು ಮೇಲೆ ಹತ್ತುವುದಕ್ಕಿಂತ ಮುಂಚೆ ಮಿಷನ್ ಪಕ್ಕ ಕೂರಬೇಕು, ಚಹಾ ಕುಡಿಯಬೇಕು, ಆಮೇಲೇ ಮನೆ. ದಿಲೀಪ ಡ್ಯೂಟಿಯಿಂದ ಬಂದು, “ನಿನ್ನ ಬಾಡಿಗಿ ಮನಿ ಮ್ಯಾಲಿಂದೋ ಕೆಳಗಿಂದೋ?” ಎಂದು ಚೇಷ್ಟೆ ಮಾಡುತ್ತಿದ್ದ.

ಕಲ್ಲಬಾವಿ ಓಣಿ ಪೂರ್ತಿ ಇಳಿಜಾರು. ಮೇಲಿನ ತುದಿಗೆ ದೊಡ್ಡ ರಸ್ತೆ, ಅಲ್ಲಿ ಸಾಲಾಗಿ ಗ್ಯಾರೇಜುಗಳು. ಕೆಳಗಿನ ತುದಿಗೆ, ಮಹಬೂಬಬಿಯ ಮನೆ ದಾಟಿದರೆ, ಕಲ್ಲು ಕಟ್ಟಿದ ಹಳೆಯ ಬಾವಿ. ಮಳೆ ಬಂತೆಂದರೆ ರಸ್ತೆಯ ನೀರೆಲ್ಲ ಗಟಾರ ಹಿಡಿದು ಓಡಿಬಂದು ಈ ಬಾವಿಗೇ ಬೀಳುತ್ತಿತ್ತು. ಗ್ಯಾರೇಜಿನ ಸುಟ್ಟ ಆಯಿಲ್, ಟೈರು ಸವೆದ ಕರಿ ಪುಡಿ, ಗುಟ್ಕಾ ಚೀಟಿ, ಚಹಾದ ಪೇಪರ್ ಕಪ್ಪು ಎಲ್ಲವನ್ನೂ ಜತೆಗೇ ತರುತ್ತಿತ್ತು. ಬಾವಿಯ ನೀರಿನ ಮೇಲೆ ಎಣ್ಣೆಯ ಪೊರೆ ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ದನ ಕೂಡ ಮೂಸಿ ನೋಡಿ ಹಿಂದೆ ಸರಿಯುತ್ತಿದ್ದವು.

“ನಾ ಮದಿವ್ಯಾಗಿ ಬಂದಾಗ ಈ ನೀರಾಗ ಬ್ಯಾಳಿ ಕುದಿಸಿದ್ರ ಬೆಣ್ಣಿ ಹಂಗ ಕರಗತಿತ್ತು,” ಅನ್ನುತ್ತಿದ್ದಳು ಖಾಲಾ. “ಈಗಿನ ನಳದ ನೀರಾಗ ಬ್ಯಾಳಿ ಕಲ್ಲ ಆಗ್ತದ. ಹುಡುಗ್ಯಾರ ಕುಕ್ಕರಿಗಿ ಬೈತಾರ, ನೀರಿಗಿ ಬೈಯಂಗಿಲ್ಲ.”

ನೀರು ಪರೀಕ್ಷೆ ಮಾಡುವುದೇ ಕಾವೇರಿಯ ದಿನದ ಕೆಲಸ. ಬಾವಿಯ ನೀರನ್ನು ಒಂದು ಬಾಟಲಿ ತುಂಬಿ ಒಯ್ದು ನೋಡಿದಳು. ನೋಡಿ ಯಾರಿಗೂ ಹೇಳಲಿಲ್ಲ. ಆದರೆ ಅದು ಅವಳ ತಲೆಯಿಂದ ಇಳಿಯಲಿಲ್ಲ. ಆ ವರ್ಷವೇ ಖಾಲಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಂಚದಿಂದ ಎರಡು ಸಲ ಜಾರಿ ಬಿದ್ದ ಮೇಲೆ ತಬಸ್ಸುಮ್ ಅವಳಿಗೆ ಮುಂದಿನ ಖೋಲಿಯಲ್ಲಿ ನೆಲದ ಮೇಲೇ ಗಾದಿ ಹಾಸಿದಳು. ಅಲ್ಲಿಂದ ಬಾಗಿಲು ಕಾಣುತ್ತಿತ್ತು, ಬಾಗಿಲಾಚೆ ಗಟಾರ, ಗಟಾರದಾಚೆ ಬಾವಿಯ ಕಟ್ಟೆ. ಮಾತು ತೊದಲಿದರೂ ಖಾಲಾ ಬಾವಿಯ ಮಾತು ಬಿಡಲಿಲ್ಲ.

ಕಾವೇರಿಯ ತವರು ಕಮಲಾಪುರ. ಅಪ್ಪ ಗುಂಡಣ್ಣ ಇದ್ದಷ್ಟು ದಿನ ಕಂಡವರ ಬಾಳೆತೋಟದಲ್ಲಿ ದುಡಿದವನು. ಅವ್ವ ಶೇವಂತಾ ಈಗಲೂ ಅದೇ ತೋಟಗಳಲ್ಲಿ, ಗೊನೆ ಕಡಿದ ಮೇಲೆ ಬಿಸಾಡುವ ಕೆಂಪು ಬಾಳೆಯ ದಿಂಡು ತಂದು, ನಾರು ಸುಲಿದು, ಹಗ್ಗ ಹೊಸೆದು ಮಾರುತ್ತಿದ್ದಳು. ಒಮ್ಮೆ ಊರಿಗೆ ಹೋದಾಗ, ಪಂಪಸೆಟ್ಟಿನ ಆಯಿಲ್ ಚೆಲ್ಲಿದ ಕಡೆ ಅವ್ವ ಒಂದು ಹಿಡಿ ಒಣ ನಾರು ಎಸೆದು ಒರೆಸಿದ್ದನ್ನು ಕಾವೇರಿ ಕಂಡಳು. ನಾರು ಎಣ್ಣೆಯನ್ನೆಲ್ಲ ಕುಡಿದಿತ್ತು. ಅಷ್ಟೇ ಸಾಕಾಯಿತು. ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಮಾಡಿ ನೋಡಿದಳು. ಕೊನೆಗೊಂದು ಕಬ್ಬಿಣದ ಜಾಳಿಯ ಬುಟ್ಟಿ ಮಾಡಿಸಿದಳು. ಗಟಾರದ ಬಾಯಲ್ಲಿ ಕೂರುವಂಥದ್ದು. ಮೇಲೆ ಕಸ ನಿಲ್ಲಬೇಕು, ನಡುವೆ ನಾರಿನ ಚೀಲ ಎಣ್ಣೆ ಹೀರಬೇಕು, ಅಡಿಯಲ್ಲಿ ಇದ್ದಲಿ ಮತ್ತು ಉಸುಕು. ಕೆಳಗೆ ಇಳಿದ ನೀರು ಬಾವಿಗೆ.

ವಾರ್ಡಿನ ಆಫೀಸಿನವರು ‘ನೀವೇ ನೋಡ್ಕೊಳ್ಳಾದಾದ್ರ ಮಾಡ್ರಿ’ ಅಂದರು. ಓಣಿಯ ಹಿರಿಯ, ಮೂಲೆಯ ಕಿರಾಣಿ ಅಂಗಡಿಯ ಮಾಣಿಕಪ್ಪ ಮಾತ್ರ ಒಪ್ಪಲಿಲ್ಲ.

“ಗಟಾರದ ಬಾಯಿಗಿ ಬುಟ್ಟಿ ಇಟ್ರ ನೀರ ನಿಲ್ಲತದವ್ವಾ. ಯಾರ ಮನಿ ಮುಂದ ಇಡ್ತಿ? ನನ್ನ ಅಂಗಡಿ ಮುಂದಂತೂ ಬ್ಯಾಡ.”

ಆಗ ಒಳಗಿನಿಂದ ಖಾಲಾ ತೊದಲಿದಳು. ಅವಳ ಮಾತು ತಿಳಿಯುತ್ತಿದ್ದದ್ದು ಮನೆಯವರಿಗೆ ಮಾತ್ರ. ತಬಸ್ಸುಮ್ ಕಿವಿಗೊಟ್ಟು ಕೇಳಿ ಹೊರಗೆ ಬಂದು ಹೇಳಿದಳು: “ಅಮ್ಮಿ ಅಂತಾಳ, ನಮ್ಮ ಬಾಗಲ ಮುಂದ ಇಡು ಅಂತ. ಬಾವಿಗಿ ಹತ್ತಿರದ್ದು ನಮ್ದೇ ಅಲ್ಲೇನು.”

ಇಟ್ಟರು. ಮಿರಗದ, ಮುಂಗಾರಿನ ಮೊದಲ ಮಳೆ ಬಂದು ಹೋದ ಮೇಲೆ ಇಬ್ಬರೂ ಕೂಡಿ ಕೊಂಡಿ ಸರಳು ಹಾಕಿ ಬುಟ್ಟಿ ಎತ್ತಿದರು. ಚಿನ್ನದ ಬಣ್ಣದ ನಾರು ಡಾಂಬರಿನಂತೆ ಕಪ್ಪಾಗಿತ್ತು. ತಬಸ್ಸುಮ್ ಮೂಗು ಮುಚ್ಚಿಕೊಂಡು, “ಯಾ ಅಲ್ಲಾ, ಇದಷ್ಟೂ ಬಾವ್ಯಾಗ ಹೋಗತಿತ್ತೇನ?” ಅಂದಳು. ಆ ಮಳೆಗಾಲದ ಮಧ್ಯಕ್ಕೆ ಬಾವಿಯ ಮೇಲಿನ ಪೊರೆ ತೆಳ್ಳಗಾಯಿತು, ಹರಿದು ಅಲ್ಲಲ್ಲಿ ಮಾತ್ರ ಉಳಿಯಿತು. ಕಾವೇರಿ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಖಾಲಾಗೆ ತೋರಿಸಿದಳು. ಕುಡಿಯುವ ನೀರೇನೂ ಅಲ್ಲ ಅದು, ಆದರೆ ಆಚೆಯ ಬೆಳಕು ಕಾಣುತ್ತಿತ್ತು. ಖಾಲಾ ಎಡಗೈಯಲ್ಲಿ ಲೋಟ ಹಿಡಿದು ಅರ್ಧ ಬಾಯಲ್ಲಿ ನಕ್ಕಳು. ತೊಗರಿಬೇಳೆ ಎಲ್ಲಿ ಎಂದು ಕೇಳಿದಳು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬುಟ್ಟಿಯ ಮೇಲಂಚಿಗೆ ಒಂದು ಬಿಲ ಇತ್ತು. ಮಳೆ ಜೋರಾದರೆ, ಬುಟ್ಟಿ ತುಂಬಿದರೆ, ನೀರು ಅದರಿಂದ ತಪ್ಪಿಸಿಕೊಂಡು ಹೋಗಲೆಂದು ಕಾವೇರಿಯೇ ಬಿಡಿಸಿದ್ದಳು. ಜೋರು ಮಳೆಯ ಮೊದಲ ನೀರು ಅತ್ಯಂತ ಹೊಲಸು. ಅದೇ ನೀರು ಈ ಬಿಲದಿಂದ ಹಾರಿ ಸೀದಾ ಬಾವಿಗೆ ಬೀಳುತ್ತಿತ್ತು. ಲ್ಯಾಬಿನಲ್ಲಿ ನೋಡಿದಾಗಲೆಲ್ಲ ಅವಳಿಗೆ ಚುಚ್ಚುತ್ತಿತ್ತು. ಕೊನೆಗೆ ಶಬ್ಬೀರ್ ಕೈಲಿ ಬಿಲಕ್ಕೆ ಪಟ್ಟಿ ಬೆಸುಗೆ ಹಾಕಿಸಿಬಿಟ್ಟಳು.

“ಇನ್ನ ಒಂದ್ ಹನಿ ಸೈತ ತಪ್ಪಿಸ್ಕೊಳ್ಳಂಗಿಲ್ಲ,” ಅಂದಳು.

“ಜೋರ್ ಮಳಿ ಬಂದ್ರ?” ಕೇಳಿದಳು ತಬಸ್ಸುಮ್.

“ಜೋರ್ ಬಂದ್ರ ಎತ್ತಿ ಕಟ್ಟಿಗಿ ಇಡಾದು. ನಾ ಇದ್ರ ನಾ ಎತ್ತತೀನಿ, ನೀ ಇದ್ರ ನೀ ಎತ್ತು. ಇಬ್ಬರೊಳಗ ಒಬ್ಬರಂತೂ ಮನ್ಯಾಗ ಇದ್ದೇ ಇರ್ತೀವಲ್ಲ.”

ಖರೇ. ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಿದ್ದರು. ತಬಸ್ಸುಮ್ ಅಂತೂ ಅಮ್ಮಿ ಹಾಸಿಗೆ ಹಿಡಿದಾಗಿನಿಂದ ಓಣಿಯ ಬಾಯಿ ದಾಟಿದ್ದು ಸೂಜಿ-ದಾರ ತರಲಿಕ್ಕೆ ಮಾತ್ರ.

ಅದಕ್ಕೇ ಕಾವೇರಿ ಅವಳನ್ನು ಕಮಲಾಪುರಕ್ಕೆ ಕರೆದದ್ದು. ನಾರು ಮುಗಿದಿತ್ತು, ತರಲು ಹೋಗಬೇಕಿತ್ತು, ಲ್ಯಾಬಿಗೆ ರಜೆ. “ಒಂದ್ ದಿನ ಬಾ. ಅವ್ವ ನಿನ್ನ ನೋಡಬೇಕಂತಾಳ. ಮುಂಜಾನಿ ಹೋಗಿ ಸಂಜಿಗಿ ಬರಾದು.” ತಬಸ್ಸುಮ್ ಆಗುವುದಿಲ್ಲ ಎಂದು ತಲೆಯಾಡಿಸಿದಳು. ಶಬ್ಬೀರ್, “ಹೋಗಿ ಬಾ ಆಪಾ, ಮಧ್ಯಾಹ್ನ ಬಂದು ಅಮ್ಮಿಗಿ ನಾ ಉಣಸ್ತೀನಿ,” ಅಂದ. ಖಾಲಾ ಗಾದಿಯ ಮೇಲಿಂದ ಎಡಗೈ ಬೀಸಿದಳು. ಹೋಗು, ಹೋಗು ಎಂದು.

ಆ ಮುಂಜಾನೆ ಬಿಸಿಲು ಬಿದ್ದಿತ್ತು. ಬಸ್ಸಿನ ಕಿಟಕಿಗೆ ತಬಸ್ಸುಮ್ ಕೂತಳು. ಊರು ದಾಟಿ ತೊಗರಿಯ ಹೊಲಗಳು ಶುರುವಾದಾಗ ಅವಳ ಮಾತು ನಿಂತಿತು. ಆಮೇಲೆ ಕೆಂಪು ಮಣ್ಣಿನ ದಿಬ್ಬ ಕಂಡಿತು, ತಿರುವು ಬಂದಿತು, ಅವಳು ಕಾವೇರಿಯ ಕೈ ಹಿಡಿದುಕೊಂಡು, “ಇಷ್ಟ್ ಹತ್ತಿರ ಅದ ಏನ ಇದೆಲ್ಲ?” ಎಂದು ಮೆಲ್ಲಗೆ ಕೇಳಿದಳು.

ಶೇವಂತಾ ಬಾಳೆತೋಟದ ಬದುವಿನಲ್ಲೇ ಕೂತು ನಾರು ಸುಲಿಯುತ್ತಿದ್ದಳು. ಕಿವಿ ಮಂದ, ಬಾಯಿ ಚುರುಕು. ತಬಸ್ಸುಮಳ ಗಲ್ಲ ಹಿಡಿದು, “ಇಕಿ ಏನ ತಬ್ಬು? ಹಗುರಾಗಿ ಇದ್ದಿ ಬಿಡವ್ವಾ, ಗಾಳಿ ಬಂದ್ರ ಹಾರತಿ,” ಎಂದು ನಗಿಸಿದಳು. ತಬಸ್ಸುಮ್ ತಾನೂ ಸುಲಿಯುತ್ತೇನೆ ಎಂದು ದಿಂಡಿನ ಪದರ ಎಳೆದು ಹಿಂದಕ್ಕೆ ಬಿದ್ದಳು. ಬಾಳೆಯ ರಸ ಸಲ್ವಾರಿಗೆಲ್ಲ ಹತ್ತಿತು. “ಈ ಕಲಿ ಸತ್ರೂ ಹೋಗಂಗಿಲ್ಲ!” ಎಂದು ದರ್ಜಿಯ ಬಾಯಲ್ಲೇ ಕೂಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಪ್ಪಲಿ ಬಿಟ್ಟು ನೀರಿನ ಕಾಲುವೆಯಲ್ಲಿ ಇಳಿದಳು. ಕೆಂಪು ಬಾಳೆಹಣ್ಣು ತಿಂದಳು, ಇನ್ನೊಂದು ತಿಂದಳು. ಇಬ್ಬರ ಚೀಲಗಳೂ, ಚೀಲದಲ್ಲಿನ ಫೋನುಗಳೂ ಆಚೆ ಬೇವಿನ ಗಿಡಕ್ಕೆ ತೂಗುತ್ತಿದ್ದವು.

ಆಗಲೇ ಕಾವೇರಿ ಪಡುವಣಕ್ಕೆ ನೋಡಿದ್ದು.

ಕಲಬುರಗಿಯ ಕಡೆ ಆಕಾಶ ಕರ್ರಗೆ ಇಳಿದಿತ್ತು. ಉತ್ತರೆಯ ಮಳೆ, ಸುರಿದರೆ ಒಂದು ಮೂಲೆಗೆ ಸುರಿದೇ ಸುರಿಯುವ ಮಳೆ. ಇಲ್ಲಿ ಮಾತ್ರ ತಲೆಯ ಮೇಲೆ ಬಿಸಿಲು. ಬುಟ್ಟಿ, ಅಂದುಕೊಂಡಳು. ಶಬ್ಬೀರನಿಗೆ ಫೋನ್ ಮಾಡಬೇಕು. ಫೋನ್ ಮಾಡಿದರೆ ತಬಸ್ಸುಮ್ ಕೇಳುತ್ತಾಳೆ, ಕೇಳಿದರೆ ಈಗಲೇ ಬಸ್ ಹತ್ತೋಣ ಅನ್ನುತ್ತಾಳೆ. ಕಾಲುವೆಯಲ್ಲಿ ಕಾಲಾಡಿಸುತ್ತ ಅವಳು ಅವ್ವನಿಗೆ ಏನೋ ಕೂಗಿ ಹೇಳುತ್ತಿದ್ದಳು, ಅವ್ವ ಏನೋ ತಪ್ಪಾಗಿ ಕೇಳಿಸಿಕೊಂಡು ಉತ್ತರಿಸುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಕಾವೇರಿ ಅವಳ ಆ ನಗುವನ್ನು ಕೇಳಿರಲಿಲ್ಲ. ಮೋಡ ಅತ್ತ ಶಹಾಬಾದದ ಕಡೆ ಹೋದರೂ ಹೋದೀತು. ಇನ್ನೊಂದು ತಾಸು ಇರಲಿ, ಅಂದುಕೊಂಡಳು.

ಒಂದು ತಾಸಿನ ಮೇಲೆ ತಬಸ್ಸುಮ್ ತಾನೇ ಚೀಲ ಇಳಿಸಿ ಫೋನ್ ನೋಡಿದಳು. ಶಬ್ಬೀರನ ಕರೆಗಳು ಸಾಲಾಗಿ ಬಂದು ನಿಂತಿದ್ದವು.

ಬಸ್ಸಿನಲ್ಲಿ ತಬಸ್ಸುಮ್ ಮತ್ತೆ ಮತ್ತೆ ಶಬ್ಬೀರನಿಗೆ ಫೋನ್ ಹಚ್ಚಿದಳು; ಅವನು ಎತ್ತಲಿಲ್ಲ. ಓಣಿಗೆ ಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಮನೆಗಳ ಗೋಡೆಗೆ ಮೊಣಕಾಲೆತ್ತರದ ಕರಿಗೆರೆ. ಮಾಣಿಕಪ್ಪ ಧೋತರ ಮೇಲೆ ಕಟ್ಟಿ, ಕೆಸರಿನ ನಡುವೆ ನಿಂತಿದ್ದ. ಕಾವೇರಿಯನ್ನು ನೋಡಿ ಬೈಯಲೂ ಇಲ್ಲ. ನಡೆದದ್ದನ್ನು ಹೇಳಿದ. ದೊಡ್ಡ ರಸ್ತೆಯಿಂದ ಕಸ ಕಟ್ಟಿಕೊಂಡು ನೀರು ಬಂದು ಬುಟ್ಟಿಯ ಬಾಯಿ ಮುಚ್ಚಿತು. ಹೋಗಲು ದಾರಿಯಿಲ್ಲದ ನೀರು ಹಿಂದಕ್ಕೆ ತಿರುಗಿ, ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಮಹಬೂಬಬಿಯ ಮನೆಗೆ ನುಗ್ಗಿತು. ಮಳೆಗೆ ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಖಾಲಾನ ಕೂಗು ಮೊದಲೇ ತೊದಲು; ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಮ್ಮಿಗೆ ಉಣಿಸಲೆಂದು ಬಂದ ಶಬ್ಬೀರ್ ಮೊಣಕಾಲು ಮೀರಿದ ನೀರಲ್ಲಿ ನುಗ್ಗಿ ಬಾಗಿಲು ತೆಗೆದಾಗ ಗಾದಿ ತೇಲುತ್ತಿತ್ತು. ಅಮ್ಮಿ ಎಡಗೈಯಲ್ಲಿ ಮಿಷನ್ನಿನ ಕಾಲು ಹಿಡಿದುಕೊಂಡು ಕತ್ತು ಮೇಲೆತ್ತಿ ಇದ್ದಳು. ಅವಳನ್ನು ಮಾಣಿಕಪ್ಪನ ಕೈಗೆ ಕೊಟ್ಟು, ಶಬ್ಬೀರ್ ಹಾರೆ ತಂದು ಬುಟ್ಟಿಯನ್ನು ಒಡೆದ. ಒಡೆದ ಕೂಡಲೇ ಓಣಿಯ ನೀರೆಲ್ಲ ಸುಳಿ ಸುತ್ತಿ ಇಳಿದುಹೋಯಿತು.

ಖಾಲಾ ಬದುಕಿದ್ದಳು. ಆಸ್ಪತ್ರೆಗೆ ಒಯ್ದಿದ್ದರು. ಆದರೆ ಅವಳು ಆ ನೀರನ್ನು ಕುಡಿದಿದ್ದಳು, ಅದು ಶ್ವಾಸಕೋಶಕ್ಕೆ ಇಳಿದಿತ್ತು. ಕಾವೇರಿಯ ನಾರಿಗೆ ಹತ್ತುತ್ತಿದ್ದ ಆ ಕರಿ ನೀರೇ.

ಆಸ್ಪತ್ರೆಯಲ್ಲಿ ಕಾವೇರಿ ಹಗಲೆಲ್ಲ ತಬಸ್ಸುಮಳ ಜತೆ ಕೂತಳು. ತಬಸ್ಸುಮ್ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಖಾಲಾ ಒಂದು ಸಲ ಕಣ್ಣು ಬಿಟ್ಟು ಕಾವೇರಿಯನ್ನು ಗುರುತು ಹಿಡಿದಳು, ಏನೋ ಅಂದಳು. ತಬಸ್ಸುಮ್ ಬಗ್ಗಿ ಕೇಳಿ, “ಮ್ಯಾಲಿನ ಮೂಲಿ ಸೋರ್ತೇನ ಅಂತ ಕೇಳಾಕತ್ಯಾಳ,” ಅಂದಳು. ಕಾವೇರಿ ಹೊರಗೆ ಹೋಗಿ ಗೋಡೆಗೆ ಮುಖ ಹಚ್ಚಿ ನಿಂತಳು. ಆ ವಾರ ಮುಗಿಯುವುದರೊಳಗೆ ಖಾಲಾ ಹೋದಳು.

ಮೂರನೆಯ ದಿನದ ಜಿಯಾರತ್ತಿನ ಪ್ರಾರ್ಥನೆಗೆ ಮನೆ ತುಂಬ ಹೆಂಗಸರು. ಓಣಿಯವರು ಕಾವೇರಿಯನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ತಬಸ್ಸುಮ್ ಎಲ್ಲರ ಎದುರಿಗೇ ಅವಳನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡಳು. ಎಲ್ಲರೂ ಹೋದ ಮೇಲೆ ಅಂದಳು:

“ನಿಂದೇನ್ ತಪ್ಪಲ್ಲ ಕಾವೇರಿ. ಮನಸಿಗಿ ಹಚ್ಕೋಬ್ಯಾಡ. ಇಬ್ಬರೂ ಕೂಡೇ ಹೋಗಿದ್ವಿ. ಅಮ್ಮಿನೇ ಇಡಂದಿದ್ಲು, ಅಮ್ಮಿನೇ ಹೋಗಂದ್ಲು. ಅಕಿ ನಸೀಬಿನಾಗ ಇತ್ತು.”

ಕಾವೇರಿ ತಲೆಯಾಡಿಸಿದಳು. ಆ ಮಾತನ್ನು ಹಿಡಿದುಕೊಂಡು ಬದುಕಿಬಿಡಬಹುದಿತ್ತು. ದಿಲೀಪ ಅದನ್ನೇ ಹೇಳಿದ: “ಅಕಿನೇ ಅಂದಾಳಂದ್ರ ನೀ ಯಾಕ ಕೆದರ್ತಿ? ಸುಮ್ನಿರು.” ಆದರೆ ತಬಸ್ಸುಮ್ ದಿನಾ ಅದೇ ಸಮಾಧಾನ ಹೇಳುತ್ತಿದ್ದಳು. ತಾಯಿಯನ್ನು ಕಳೆದುಕೊಂಡವಳು ತನ್ನನ್ನು ಸಂತೈಸುತ್ತಾಳೆ, ಚಹಾ ಮಾಡಿ ಕೊಡುತ್ತಾಳೆ, ಉಂಡೆಯೇನು ಎಂದು ಕೇಳುತ್ತಾಳೆ. ಕಾವೇರಿ ಚಹಾ ಅರ್ಧಕ್ಕೇ ಬಿಟ್ಟು ಮೇಲೆ ಹತ್ತುತ್ತಿದ್ದಳು. ಕೊನೆಗೊಂದು ಸಂಜೆ, ಮಿಷನ್ ಪಕ್ಕ ಕೂತು, ಲೋಟ ಕೆಳಗಿಟ್ಟಳು.

“ತಬ್ಬು, ನಾ ಮ್ವಾಡ ನೋಡಿದ್ನಿ.”

“ಯಾವ್ ಮ್ವಾಡ?”

“ಅವತ್ತು. ಇತ್ಲಾಕಡಿ ಕರ್ರಗ ಆಗಿತ್ತು. ನೀ ಕಾಲ್ವ್ಯಾಗ ಇದ್ದಿ. ನಾ ನೋಡಿದ್ನಿ. ಬುಟ್ಟಿ ನೆನಪಾತು. ಶಬ್ಬೀರಗ ಫೋನ್ ಮಾಡಬೇಕಂದಿದ್ನಿ.”

ತಬಸ್ಸುಮಳ ಕಾಲು ಮಿಷನ್ನಿನ ಹಲಗೆಯ ಮೇಲೆ ಹಾಗೇ ನಿಂತಿತು.

“ಮಾಡಲಿಲ್ಲ?”

“ಮಾಡಲಿಲ್ಲ.”

“ಅವ ಗ್ಯಾರೇಜಿನಾಗೇ ಇದ್ದ. ಓಣಿ ಇಳದ್ರ ಮನಿ. ಒಂದ್ ಮಾತ್ ಹೇಳಿದ್ರ ಸಾಕಿತ್ತು... ಯಾಕ ಮಾಡಲಿಲ್ಲ?”

“ನೀ ನಗಾಕತ್ತಿದ್ದಿ,” ಅಂದಳು ಕಾವೇರಿ. “ನಿನ್ನ ನಗು ನಿಲ್ತದಂತ...”

ತಬಸ್ಸುಮ್ ಮಿಷನ್ನಿನ ಸೂಜಿ ಎತ್ತಿ, ಬಟ್ಟೆ ಬಿಡಿಸಿ ಮಡಿಚಿಟ್ಟಳು. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಗಳೊಡನೆ ಮಾತಾಡುವ ದನಿ ಅದು.

“ನಾ ನಗಾದು ನಿಮಗ ಅಷ್ಟು ದೊಡ್ಡದಾತೇನ್ರೀ?”

ಕಾವೇರಿಗೆ ಮೊದಲು ಅರ್ಥವಾಗಲಿಲ್ಲ. ನಿಮಗ ಅಂದದ್ದು, ರೀ ಅಂದದ್ದು ಕಿವಿಗೆ ಬಿದ್ದು, ಒಳಗಿಳಿಯಲು ಹೊತ್ತು ಹಿಡಿಯಿತು.

“ತಬ್ಬು, ಹಂಗ ಅನಬ್ಯಾಡ.”

“ನಾ ಏನೂ ಅನ್ನಂಗಿಲ್ಲರೀ. ಆ ನಗು ನನಗ ಬ್ಯಾಡಾಗಿತ್ತು. ಯಾರ್ ಕೇಳಿದ್ರು ನಿಮಗ? ಅಮ್ಮಿ ಇಲ್ಲಿ ಮಿಷನ್ ಕಾಲ್ ಹಿಡಕೊಂಡು ಒದರಾಕತ್ತಿದ್ಲು, ನಾ ಅಲ್ಲಿ ಬಾಳಿಹಣ್ಣ ತಿಂದು ನಗಾಕತ್ತಿದ್ನಿ. ನಿಮ್ಮ ಮಾರಿ ನೋಡಿದಾಗೆಲ್ಲ ಇನ್ನ ನನಗ ಅದೇ ಕೇಳ್ತದ.” ಎದ್ದು ನಿಂತಳು. “ಮನಿ ಬಿಡ್ರಿ ಅಂತ ಅನ್ನಂಗಿಲ್ಲ. ಅಮ್ಮಿ ಕೊಟ್ಟ ಮನಿ ಅದು. ನಿಮಗ ಬಿಟ್ಟದ್ದು.”

ಖಾಲಾನ ನಲವತ್ತನೆಯ ದಿನದ ಊಟಕ್ಕೆ ಕಾವೇರಿ ಹೋದಳು. ಹೋಗದೆ ಇರಲಾಗಲಿಲ್ಲ. ತಬಸ್ಸುಮ್ ಅವಳಿಗೂ ತಾಟು ತಂದಿಟ್ಟು, “ಊಟಾ ಮಾಡ್ರಿ ಕಾವೇರಿ ಅಕ್ಕಾವ್ರ,” ಎಂದು ಮುಂದಿನವರ ಕಡೆ ಹೋದಳು. ಎಲ್ಲರಿಗೂ ಬಡಿಸಿದಂತೆ ಬಡಿಸಿದಳು. ಒಂದು ತುತ್ತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಮರುದಿನ ಕಾವೇರಿ ಗಟಾರಕ್ಕೆ ಇಳಿದಳು. ಒಡೆದ ಬುಟ್ಟಿಯ ಚೌಕಟ್ಟು ಇನ್ನೂ ಬಾಯಲ್ಲೇ ಸಿಕ್ಕಿಕೊಂಡಿತ್ತು. ಶಬ್ಬೀರ್ ಬೆಸೆದ ಪಟ್ಟಿ ಮಾತ್ರ ಬಿಟ್ಟಿರಲಿಲ್ಲ. ಬರಿಗೈಯಲ್ಲಿ ಎಳೆದಳು, ಅಂಗೈ ಕೊಯ್ದಿತು. ಶಬ್ಬೀರ್ ಮೇಲಿಂದ ಬರುತ್ತಿದ್ದವನು ನೋಡಿ ನಿಂತ. ಇಳಿದು, ಇನ್ನೊಂದು ಕಡೆ ಹಿಡಿದ. ಇಬ್ಬರೂ ಅದನ್ನು ಕಿತ್ತು ಗುಜರಿಯವನ ಗಾಡಿಗೆ ಹಾಕಿದರು.

“ಆಪಾ ಬದಲಾಗ್ತಾಳ ಅಕ್ಕಾ. ಟೈಮ್ ಕೊಡ್ರಿ,” ಅಂದ ಅವನು. ಕಾವೇರಿ ತಲೆಯಾಡಿಸಿದಳು. ಬಾವಿಗೆ ಮತ್ತೆ ಎಣ್ಣೆ ಹರಿಯಿತು.

ಆ ಚಳಿಗಾಲಕ್ಕೇ ಅವಳು ಮತ್ತು ದಿಲೀಪ ಕುಸನೂರಿಗೆ ಮನೆ ಬದಲಿಸಿದರು. ಗೋಡೆಯಿಂದ ಫೋಟೋ ಇಳಿಸಿದಾಗ ಮಣ್ಣು ಸ್ವಲ್ಪ ಉದುರಿತು; ಕಾವೇರಿ ಅದನ್ನು ಗುಡಿಸಿ, ತೂತಿಗೆ ಒದ್ದೆ ಮಣ್ಣು ಮೆತ್ತಿ, ಬೀಗದ ಕೈ ಶಬ್ಬೀರನಿಗೆ ಕೊಟ್ಟಳು. ಕೆಳಗೆ ಮಿಷನ್ ಓಡುತ್ತಿತ್ತು. ಸಾಮಾನಿನ ಗಾಡಿ ಓಣಿ ಹತ್ತಿ ತಿರುಗುವವರೆಗೂ ಓಡುತ್ತಲೇ ಇತ್ತು.

ಶೇವಂತಾಗೆ ಇದಾವುದೂ ಪೂರ್ತಿ ತಿಳಿದಿರಲಿಲ್ಲ. ಖಾಲಾ ತೀರಿದ್ದು ಗೊತ್ತು. ಕಾವೇರಿ ಊರಿಗೆ ಬಂದಾಗಲೆಲ್ಲ, “ಆ ಹುಡುಗಿ ಯಾಕ ಬರಲಿಲ್ಲ? ನಾರ ಸುಲದಿಟ್ಟೀನಿ, ಯಾಕ ಒಯ್ಯಂಗಿಲ್ಲ?” ಎಂದು ಕೇಳುತ್ತಿದ್ದಳು. ಒಂದು ದಿನ ಕಾವೇರಿ ಅವ್ವನ ಕಿವಿಯ ಹತ್ತಿರ ಬಾಯಿಟ್ಟು, ಎಲ್ಲವನ್ನೂ, ಮೋಡ ನೋಡಿದ್ದನ್ನೂ ಹೇಳಿದಳು. ಜೋರಾಗಿ, ಎರಡೆರಡು ಸಲ ಹೇಳಬೇಕಾಯಿತು. ಶೇವಂತಾ ಸುಲಿಯುವುದನ್ನು ನಿಲ್ಲಿಸಿದಳು.

“ನೀ ಹೇಳಬಾರದಿತ್ತು ಅಂತ ನಾ ಅನ್ನಂಗಿಲ್ಲ,” ಅಂದಳು ಕೊನೆಗೆ. “ಆದ್ರ ತಾಯಿ ಸತ್ತ ಹುಡುಗಿ ಒಬ್ಬಾಕಿನೇ ಕುಂತಾಳ. ನನ್ನ ಕರ್ಕೊಂಡು ನಡಿ.”

ಕಲ್ಲಬಾವಿ ಓಣಿಗೆ ಅವ್ವನನ್ನು ಕರೆದೊಯ್ದಳು. ತಾನು ಕೆಳಗಿಳಿಯಲಿಲ್ಲ, ಮಾಣಿಕಪ್ಪನ ಅಂಗಡಿಯ ಹತ್ತಿರ ನಿಂತಳು. ಅವ್ವ ಸೊಂಟಕ್ಕೆ ಕೈಯಿಟ್ಟುಕೊಂಡು ಇಳಿದು, ಬಾಗಿಲ ಮುಂದೆ ನಿಂತು, “ಏ ತಬ್ಬು,” ಎಂದು ಒದರಿದಳು. ಮಿಷನ್ ನಿಂತಿತು. ಬಾಗಿಲಿಗೆ ಬಂದ ತಬಸ್ಸುಮ್ ಒಂದು ಗಳಿಗೆ ನೋಡಿದಳು. ಆಮೇಲೆ ಮುದುಕಿಯ ಕೊರಳಿಗೆ ಬಿದ್ದಳು. ಆ ಅಳು ಓಣಿಯ ಮೇಲಿನವರೆಗೂ ಕೇಳಿಸಿತು. ಆಸ್ಪತ್ರೆಯಲ್ಲಿ, ಜಿಯಾರತ್ತಿನಲ್ಲಿ, ಎಲ್ಲೂ ಅವಳು ಹಾಗೆ ಅತ್ತಿರಲಿಲ್ಲ. “ಅವ್ವಾ, ಅವ್ವಾ,” ಎಂದು ಕನ್ನಡದಲ್ಲೇ ಅಳುತ್ತಿದ್ದಳು.

ಮಾಣಿಕಪ್ಪ ಅಂಗಡಿಯೊಳಗಿಂದ ಒಂದು ಸ್ಟೂಲು ತಂದಿಟ್ಟ. “ಕುಂದರವ್ವಾ,” ಅಂದ. ಕಾವೇರಿ ಕೂರಲಿಲ್ಲ.

ಅವ್ವ ಹೊರಗೆ ಬಂದಾಗ ಹೊತ್ತು ವಾಲಿತ್ತು. ಬಸ್ ಹತ್ತುವ ಮುಂಚೆ ಮಗಳ ಕೆನ್ನೆ ಸವರಿ ಅಂದಳು:

“ಅಕಿ ನನ್ನ ಕಡಿ ಬರ್ತೀನಂದಾಳ. ನಿನ್ನ ಕಡಿ ಬರ್ತಾಳಂತ ಕಾಯಬ್ಯಾಡವ್ವಾ. ನಾ ಕೇಳಿದ್ನಿ. ಕೇಳಬ್ಯಾಡ್ರಿ ಅಂದ್ಲು.”

ತಬಸ್ಸುಮ್ ಖರೇನೇ ಕಮಲಾಪುರಕ್ಕೆ ಹೋಗಲು ಶುರುಮಾಡಿದಳು. ಶೇವಂತಾಗೆ ಕುಪ್ಪಸ ಹೊಲಿದು ಒಯ್ದಳು, ಕಿವಿಯ ಡಾಕ್ಟರಿಗೆ ತೋರಿಸಿದಳು, ಜ್ವರ ಬಂದಾಗ ಎರಡು ದಿನ ಅಲ್ಲೇ ಉಳಿದು ಗಂಜಿ ಕಾಸಿ ಕೊಟ್ಟಳು. ಕಾವೇರಿಗೆ ಇದೆಲ್ಲ ಅವ್ವನ ಬಾಯಿಂದಲೇ ತಿಳಿಯುತ್ತಿತ್ತು; ಅವ್ವ ಮುಚ್ಚಿಡುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಹತ್ತಿರದ ಒಂದು ಕಾಲೊನಿಯವರು ಬುಟ್ಟಿಯ ಸುದ್ದಿ ಕೇಳಿಕೊಂಡು ಬಂದರು. ಕಾವೇರಿ ಮೊದಲು ಒಲ್ಲೆ ಅಂದಳು. ಆಮೇಲೆ ಮಾಡಿಕೊಟ್ಟಳು, ಮೇಲಂಚಿನ ಬಿಲ ಅಗಲವಾಗಿ ತೆರೆದಿಟ್ಟು. ಸ್ವಲ್ಪ ಹೊಲಸು ತಪ್ಪಿಸಿಕೊಂಡು ಹೋಗುತ್ತಿತ್ತು. ಹೋಗಲಿ ಎಂದು ಬಿಟ್ಟಳು. ನಾರು ಕಪ್ಪಾಗುತ್ತಿತ್ತು, ಅಲ್ಲಿಯ ಹೆಂಗಸರು ಮೂಗು ಮುಚ್ಚಿಕೊಂಡು ಆಶ್ಚರ್ಯಪಡುತ್ತಿದ್ದರು. ಕಾವೇರಿ ಹೂಂ ಅನ್ನುತ್ತಿದ್ದಳು.

ಮರುವರ್ಷದ ಶ್ರಾವಣದಲ್ಲಿ ಒಂದು ರಜೆಯ ಮುಂಜಾನೆ ಕಾವೇರಿಗೆ ಅವ್ವನನ್ನು ನೋಡಬೇಕೆನಿಸಿತು. ಹೇಳದೆ ಕೇಳದೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ನಿಂತಿತ್ತು. ಹತ್ತಿ ಕಿಟಕಿಗೆ ಕೂತಳು. ಕಂಡಕ್ಟರ್ ಇನ್ನೂ ಬಂದಿರಲಿಲ್ಲ. ಫೋನ್ ತೆಗೆದು ಅವ್ವನಿಗೆ ಹಚ್ಚಿದಳು.

“ಅವ್ವಾ, ಬರಾಕತ್ತೀನಿ.”

ಆಚೆ ಅವ್ವನ ಹಿಂದೆ ಯಾರೋ ಪಾತ್ರೆ ತೊಳೆಯುವ ಸಪ್ಪಳ.

“ಇವತ್ತು ಬ್ಯಾಡವ್ವಾ,” ಅಂದಳು ಶೇವಂತಾ. ಕಿವುಡಿಯಾದ್ದರಿಂದ ಅವಳಿಗೆ ಪಿಸುಗುಡುವುದು ಗೊತ್ತಿರಲಿಲ್ಲ. ಪ್ರಯತ್ನ ಮಾತ್ರ ಮಾಡಿದಳು. “ಅಕಿ ಬಂದಾಳ. ನಾಳಿ ಬಾ. ನಾಳಿ ಬರ್ತೀಯಲ್ಲ?”

“ಹೂಂ ಅವ್ವಾ. ನಾಳಿ ಬರ್ತೀನಿ.”

ಕಂಡಕ್ಟರ್ ಹತ್ತಿ, “ಎಲ್ಲಿಗ್ರೀ ಅಕ್ಕಾ?” ಅಂದ. ಕಾವೇರಿ ಎದ್ದು, ಹತ್ತುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಕೆಳಗಿಳಿದಳು.